ಶೇಂಗಾ ಹಿಂಡಿ, ಬ್ಯಾಸಿಲಸ್, ಪ್ರೋಟಿಯೇಸ್: ಒಂದೊಂದೇ ಬದಲಿಸಿ ನೋಡಬೇಕಾ, ಡಿಸೈನ್ ಹಾಕಬೇಕಾ?

ಸಪ್ತಾಪುರ_ಮೈಕ್ರೋ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮಾಡ್ತಿದ್ದೇನೆ, ಇದು ಕೊನೆಯ ವರ್ಷ. ಪ್ರಾಜೆಕ್ಟ್‌ಗೆ ಹುಬ್ಬಳ್ಳಿಯ ಒಂದು ಎಣ್ಣೆ ಗಿರಣಿ ಹಿಂದಿನ ಮಣ್ಣಿನಿಂದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ತೆಗೆದಿದ್ದೇನೆ. ಹಾಲಿನ ಪುಡಿ ಹಾಕಿದ ಅಗರ್ ಪ್ಲೇಟಿನಲ್ಲಿ ಕಾಲೊನಿ ಸುತ್ತ ಅಗಲವಾದ ತಿಳಿ ವಲಯ ಬರುತ್ತದೆ, ಅಂದರೆ ಪ್ರೋಟೀನ್ ಒಡೆಯುವ ಎಂಜೈಮ್ ಪ್ರೋಟಿಯೇಸ್ ಅನ್ನು ಚೆನ್ನಾಗಿಯೇ ಬಿಡುತ್ತಿದೆ. ಡಿಟರ್ಜೆಂಟ್‌ಗೆ ಬಳಸುವಂಥ, ಕ್ಷಾರದಲ್ಲೂ ಕೆಲಸ ಮಾಡುವ ಪ್ರೋಟಿಯೇಸ್ ನನಗೆ ಬೇಕು.

ಈಗ ಇಳುವರಿ ಹೆಚ್ಚಿಸಬೇಕು. ಬದಲಿಸಬಹುದಾದದ್ದು ಏಳು: ಶೇಂಗಾ ಹಿಂಡಿ, ಗ್ಲೂಕೋಸ್, ಯೀಸ್ಟ್ ಎಕ್ಸ್‌ಟ್ರಾಕ್ಟ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಶುರುವಿನ ಪಿಎಚ್, ಇನಾಕ್ಯುಲಂ (ಶುರುವಿಗೆ ಹಾಕುವ ಬ್ಯಾಕ್ಟೀರಿಯಾದ ಪ್ರಮಾಣ). ಒಂದೊಂದನ್ನೇ ಬದಲಿಸುತ್ತ ಹೋಗೋಣ ಅಂದುಕೊಂಡಿದ್ದೆ. ನಮ್ಮ ಗೈಡ್ ಮೊದಲು ಪ್ಲಾಕೆಟ್-ಬರ್ಮನ್ (ಎಲ್ಲ ಅಂಶಗಳನ್ನೂ ಒಟ್ಟಿಗೆ ಬದಲಿಸಿ ಮುಖ್ಯವಾದವನ್ನು ಆರಿಸುವ 12 ಫ್ಲಾಸ್ಕಿನ ಡಿಸೈನ್) ಹಾಕು, ಆಮೇಲೆ ರೆಸ್ಪಾನ್ಸ್ ಸರ್ಫೇಸ್‌ಗೆ (ಆರಿಸಿದವುಗಳ ಒಳ್ಳೆಯ ಮಟ್ಟವನ್ನು ಸಮೀಕರಣದಿಂದ ಹುಡುಕುವ ವಿಧಾನ) ಹೋಗು ಅನ್ನುತ್ತಾರೆ. 12 ಫ್ಲಾಸ್ಕಿನಲ್ಲಿ ಏಳು ಅಂಶಗಳ ಬಗ್ಗೆ ಹೇಗೆ ಗೊತ್ತಾಗುತ್ತದೆ? ಶೇಕರ್‌ನಲ್ಲಿ ಎಲ್ಲ ಫ್ಲಾಸ್ಕ್ ಒಟ್ಟಿಗೆ ಹಿಡಿಯುವುದೂ ಇಲ್ಲ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತೆಗೆದುಕೊಳ್ಳೋದಂತೂ ಆಗದ ಮಾತು.

ಉಣಕಲ್_ಕೆರೆ:

ನಿಮ್ಮ ಗೈಡ್ ಹೇಳಿದ್ದು ಸರಿ ಇದೆ ತಂಗಿ. ಯಾಕೆ ಅಂತ ಹೇಳ್ತೀನಿ, ನಾನು ಈ ಕೆಲಸದಲ್ಲೇ ಇರುವವಳು.

ಒಂದು ಉದಾಹರಣೆ ಇಟ್ಟುಕೊಳ್ಳಿ. ಪಿಎಚ್ 8, ಹಿಂಡಿ ಶೇಕಡಾ 1 ಇದ್ದಾಗ 100 ಯುನಿಟ್ ಬಂತು. ಪಿಎಚ್ ಹಾಗೇ ಇಟ್ಟು ಹಿಂಡಿ 2 ಮಾಡಿದರೆ 90. ಹಿಂಡಿ 1ರಲ್ಲೇ ಇಟ್ಟು ಪಿಎಚ್ 9 ಮಾಡಿದರೆ 95. ಒಂದೊಂದೇ ಬದಲಿಸುವವರು ಇಲ್ಲಿಗೆ ನಿಲ್ಲಿಸಿ, ಮೊದಲಿನದೇ ಒಳ್ಳೆಯದು ಅಂತ ಬರೆದುಬಿಡುತ್ತಾರೆ. ಆದರೆ ಪಿಎಚ್ 9, ಹಿಂಡಿ 2 ಎರಡೂ ಸೇರಿದಾಗ 150 ಬರುವ ಹಾಗಿದ್ದರೆ? ಆ ಫ್ಲಾಸ್ಕನ್ನು ಅವರು ಹಾಕಿಯೇ ಇರುವುದಿಲ್ಲ. ಬ್ಯಾಕ್ಟೀರಿಯಾ ವಿಷಯದಲ್ಲಿ ಅಂಶಗಳು ಹೀಗೆ ಒಂದಕ್ಕೊಂದು ತಳುಕು ಹಾಕಿಕೊಂಡಿರುವುದೇ ಜಾಸ್ತಿ.

ಇನ್ನು 12 ಫ್ಲಾಸ್ಕಿನ ಲೆಕ್ಕ. ಏಳು ಅಂಶಗಳನ್ನು ಹೆಚ್ಚು-ಕಡಿಮೆ ಎರಡೇ ಮಟ್ಟದಲ್ಲಿ ಎಲ್ಲ ಜೋಡಣೆ ಮಾಡಿದರೂ 128 ಫ್ಲಾಸ್ಕ್ ಬೇಕು. ಪ್ಲಾಕೆಟ್ ಮತ್ತು ಬರ್ಮನ್ 1946ರಲ್ಲಿ ಕೊಟ್ಟ ಕೋಷ್ಟಕದಲ್ಲಿ ಪ್ರತಿ ಅಂಶವೂ 6 ಫ್ಲಾಸ್ಕಿನಲ್ಲಿ ಹೆಚ್ಚು, 6ರಲ್ಲಿ ಕಡಿಮೆ ಇರುತ್ತದೆ. ಹಿಂಡಿ ಹೆಚ್ಚಿರುವ ಆ 6ರಲ್ಲಿ ಗ್ಲೂಕೋಸ್ 3ರಲ್ಲಿ ಹೆಚ್ಚು, 3ರಲ್ಲಿ ಕಡಿಮೆ. ಉಳಿದವೂ ಹಾಗೇ. ಹಾಗಾಗಿ ಎರಡು ಗುಂಪಿನ ಸರಾಸರಿ ತೆಗೆದು ಕಳೆದಾಗ ಬೇರೆಯವುಗಳ ನೇರ ಪರಿಣಾಮ ಹೊಡೆದುಹೋಗಿ ಹಿಂಡಿಯದು ಉಳಿಯುತ್ತದೆ. 12 ಫ್ಲಾಸ್ಕೂ ಏಳು ಅಂಶಗಳಿಗೂ ದುಡಿಯುತ್ತವೆ. ಕೋಷ್ಟಕದಲ್ಲಿ 11 ಕಾಲಂ ಇರುತ್ತವೆ, ನಿಮಗೆ ಬೇಕಾದದ್ದು 7. ಖಾಲಿ ಉಳಿದ 4 ಕಾಲಂಗಳಿಗೂ ಪರಿಣಾಮ ಲೆಕ್ಕ ಹಾಕಿ. ಅಲ್ಲಿ ಏನೂ ಹಾಕಿಲ್ಲ, ಆದ್ದರಿಂದ ಬರುವ ಸಂಖ್ಯೆ ನಿಮ್ಮ ಪ್ರಯೋಗದ ಏರುಪೇರು ಎಷ್ಟು ಅಂತ ತೋರಿಸುತ್ತದೆ.

ಆದರೆ ಈ ಡಿಸೈನ್‌ನಲ್ಲಿ ತಳುಕಿನ ಪರಿಣಾಮಗಳು ನೇರ ಪರಿಣಾಮಗಳ ಜೊತೆ ಬೆರೆತುಕೊಂಡಿರುತ್ತವೆ. ಆದ್ದರಿಂದ ಇದು ಮುಖ್ಯವಾದ ಮೂರೋ ನಾಲ್ಕೋ ಅಂಶ ಆರಿಸಿಕೊಳ್ಳುವುದಕ್ಕೆ ಮಾತ್ರ. ಮೇಲೆ ಹೇಳಿದ 150ರ ಫ್ಲಾಸ್ಕು ಸಿಗುವುದು ಮುಂದಿನ ಹಂತದಲ್ಲಿ.

ಗ್ಲೂಕೋಸ್‌ಗೆ ಕಡಿಮೆ ಮಟ್ಟ ನಿಜವಾಗಿಯೂ ಕಡಿಮೆ ಇರಲಿ. ಅದು ಹೇರಳವಾಗಿ ಸಿಕ್ಕರೆ ಬ್ಯಾಸಿಲಸ್ ಪ್ರೋಟಿಯೇಸ್ ಮಾಡುವುದನ್ನು ತಗ್ಗಿಸಿಬಿಡುತ್ತದೆ. ಎರಡೂ ಮಟ್ಟ ಮೇಲೆಯೇ ಇಟ್ಟರೆ ಗ್ಲೂಕೋಸ್‌ನಿಂದ ಏನೂ ವ್ಯತ್ಯಾಸ ಇಲ್ಲ ಅಂತ ಉತ್ತರ ಬರುತ್ತದೆ.

ಗದಗ_ಎರಿಹೊಲ:

ಶೇಕರ್ ವಿಷಯಕ್ಕೆ ನಾನು ಹೇಳ್ತೀನಿ. ನಾನು ಬೆಳೆ ಪ್ರಯೋಗ ಮಾಡುವವನು, ಆದರೆ ಇದರ ಮೂಲ ನಮ್ಮ ಹೊಲವೇ ನೋಡ್ರಿ. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಮೇಲೆ ಈ ಬ್ಲಾಕ್ ಮಾಡುವ ಪದ್ಧತಿ ಗಟ್ಟಿಯಾಯಿತು. ಹೊಲದ ಒಂದು ಕಡೆ ತೇವ ಹೆಚ್ಚು, ಇನ್ನೊಂದು ಕಡೆ ಇಳಿಜಾರು. ಅದಕ್ಕೇ ಒಂದೇ ತರಹದ ಜಾಗವನ್ನು ಒಂದು ಬ್ಲಾಕ್ ಮಾಡಿ, ಹೋಲಿಕೆ ಅದರೊಳಗೇ ಮಾಡುತ್ತೇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಡೆ ಹೋದಾಗ ತಳಿ ಪ್ರಯೋಗದ ತಾಕು ನೋಡಿ, ತಿಳಿಯುತ್ತದೆ.

ನಿಮಗೆ ಒಂದು ಸಲ ಶೇಕರ್‌ಗೆ ಹಾಕಿದ್ದೇ ಒಂದು ಬ್ಲಾಕ್. ಮುಂದಿನ ರೆಸ್ಪಾನ್ಸ್ ಸರ್ಫೇಸ್ ಹಂತಕ್ಕೆ ಬಳಸುವ ಸೆಂಟ್ರಲ್ ಕಾಂಪೊಸಿಟ್ ಡಿಸೈನ್ ಮೂರು ಅಂಶಕ್ಕೆ ಅಂದರೆ ಸಾಮಾನ್ಯವಾಗಿ 20 ಫ್ಲಾಸ್ಕ್. ಅದನ್ನು 6, 6, 8 ಅಂತ ಮೂರು ಬ್ಲಾಕ್ ಮಾಡಬಹುದು. ಮೊದಲಿನ ಎರಡರಲ್ಲಿ ತಲಾ 4 ಮೂಲೆ ಬಿಂದು (ಪ್ರತಿ ಅಂಶವೂ ಹೆಚ್ಚು ಇಲ್ಲವೇ ಕಡಿಮೆ ಮಟ್ಟದಲ್ಲಿ), 2 ಮಧ್ಯ ಬಿಂದು (ಎಲ್ಲವೂ ನಡುವಿನ ಮಟ್ಟದಲ್ಲಿ). ಮೂರನೆಯದರಲ್ಲಿ 6 ಅಕ್ಷದ ಬಿಂದು (ಒಂದೇ ಅಂಶವನ್ನು ಮಧ್ಯದಿಂದ ದೂರ ಸರಿಸಿದ್ದು), 2 ಮಧ್ಯ ಬಿಂದು. ಆಲ್ಫಾ, ಅಂದರೆ ಮಧ್ಯದಿಂದ ಅಕ್ಷದ ಬಿಂದುವಿಗಿರುವ ದೂರ, 1.682 ಬದಲು 1.633 ಇಟ್ಟರೆ ದಿನದಿಂದ ದಿನಕ್ಕೆ ಆಗುವ ವ್ಯತ್ಯಾಸ ಉಳಿದ ಲೆಕ್ಕಕ್ಕೆ ಸೇರಿಕೊಳ್ಳುವುದಿಲ್ಲ. ಮೂರು ಅಂಶದ ಬಾಕ್ಸ್-ಬೆನ್ಕನ್ ಎಂಬ ಇನ್ನೊಂದು ಡಿಸೈನ್‌ನಲ್ಲಿ ಇಷ್ಟು ಶುದ್ಧವಾಗಿ ಬ್ಲಾಕ್ ಮಾಡಲು ಬರುವುದಿಲ್ಲ. ನಿಮ್ಮ ಪರಿಸ್ಥಿತಿಗೆ ಕಾಂಪೊಸಿಟ್ ವಾಸಿ.

ಬ್ಲಾಕಿನೊಳಗೆ ಫ್ಲಾಸ್ಕಿನ ಕ್ರಮ ಚೀಟಿ ಎತ್ತಿಯೇ ನಿರ್ಧರಿಸಿ. ರಾತ್ರಿ ಕರೆಂಟ್ ಹೋಗಿ ಶೇಕರ್ ನಿಂತರೆ ಆ ಬ್ಲಾಕ್ ಪೂರ್ತಿ ಮತ್ತೆ ಹಾಕಿ, ಒಂದೆರಡು ಫ್ಲಾಸ್ಕ್ ಮಾತ್ರ ಬೇಡ.

ಸಾಫ್ಟ್‌ವೇರ್‌ಗೆ ದುಡ್ಡು ಬೇಡ, ಆರ್ (R) ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಅದರಲ್ಲಿ ಎಫ್‌ಆರ್‌ಎಫ್2 ಪ್ಯಾಕೇಜಿನಿಂದ ಪ್ಲಾಕೆಟ್-ಬರ್ಮನ್, ಆರ್‌ಎಸ್‌ಎಂ ಪ್ಯಾಕೇಜಿನಿಂದ ಉಳಿದದ್ದು.

ಬ್ಯಾಡಗಿ_ಹುಡುಗ:

ಡಿಸೈನ್ ಎಷ್ಟೇ ಚೆನ್ನಾಗಿರಲಿ, ಹಿಂಡಿ ಕೈ ಕೊಟ್ಟರೆ ಮುಗಿಯಿತು. ಗಾಣದ ಹಿಂಡಿಯಲ್ಲಿ ಎಣ್ಣೆ ಒಂದು ತರ, ಗಿರಣಿಯದರಲ್ಲಿ ಇನ್ನೊಂದು ತರ. ಇಡೀ ಪ್ರಾಜೆಕ್ಟಿಗೆ ಸಾಕಾಗುವಷ್ಟು ಒಂದೇ ಸಲ ತಂದು, ಪುಡಿ ಮಾಡಿ, ಜರಡಿ ಹಿಡಿದು, ಕಲಸಿ, ಫ್ರಿಜ್‌ನಲ್ಲಿಡಿ.

ಅಳತೆಯಲ್ಲಿ ಹಿಂಡಿ ಇನ್ನೊಂದು ಕಡೆಯೂ ತೊಂದರೆ ಕೊಡುತ್ತದೆ, ಇದನ್ನು ದಯವಿಟ್ಟು ಗಮನಿಸಿ. ಹಾಲಿನ ಪ್ರೋಟೀನ್ ಆದ ಕೇಸಿನ್ ಹಾಕಿ, ಟಿಸಿಎ ಎಂಬ ಆಮ್ಲದಿಂದ ಎಂಜೈಮಿನ ಕೆಲಸ ನಿಲ್ಲಿಸಿ, ನೀಲಿ ಬಣ್ಣ ಬರಿಸುವ ಫೋಲಿನ್ ದ್ರಾವಣ ಹಾಕಿ 660 ನ್ಯಾನೋಮೀಟರಿನಲ್ಲಿ ಓದುತ್ತೀರಿ ಅಲ್ವಾ? ಹಿಂಡಿಯಿಂದ ಬಂದ ಅಮೈನೋ ಆಮ್ಲಗಳೂ ಅದೇ ನೀಲಿ ಬಣ್ಣ ಕೊಡುತ್ತವೆ. ಎಲ್ಲಕ್ಕೂ ಒಂದೇ ಬ್ಲ್ಯಾಂಕ್ (ಎಂಜೈಮ್ ಕೆಲಸ ಮಾಡದ, ಲೆಕ್ಕದಿಂದ ಕಳೆಯಲು ಇಡುವ ಮಾದರಿ) ಇಟ್ಟರೆ ಹಿಂಡಿ ಹೆಚ್ಚಿರುವ ಫ್ಲಾಸ್ಕಿನಲ್ಲೆಲ್ಲ ಎಂಜೈಮ್ ಹೆಚ್ಚು ಕಾಣುತ್ತದೆ, ಲೆಕ್ಕದಲ್ಲಿ ಹಿಂಡಿ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ. ಪ್ರತಿ ಫ್ಲಾಸ್ಕಿಗೂ ಅದರದೇ ಬ್ಲ್ಯಾಂಕ್ ಬೇಕು: ಟಿಸಿಎ ಮೊದಲು, ಆಮೇಲೆ ಆ ಫ್ಲಾಸ್ಕಿನ ತಿಳಿ ದ್ರವ. ಬೆಳವಣಿಗೆ ಅಳೆಯಲೂ ಓಡಿ (OD, ದ್ರವದ ಕಲಕಿನ ಅಳತೆ) ನಂಬಬೇಡಿ, ಹಿಂಡಿಯ ಕಣದಿಂದಲೇ ಕಲಕು ಬರುತ್ತದೆ. ಪ್ಲೇಟ್ ಎಣಿಕೆ ಮಾಡಿ.

ಸೋಡಿಯಂ ಕಾರ್ಬೊನೇಟ್ ಹಾಕಿ ಪಿಎಚ್ ಏರಿಸುವುದಾದರೆ ಬೇರೆಯಾಗಿ ಆಟೋಕ್ಲೇವ್ ಮಾಡಿ, ತಣಿದ ಮೇಲೆ ಸೇರಿಸಿ. ಆಮೇಲೂ ಕ್ಯಾಲ್ಸಿಯಂ ಹೆಚ್ಚಿರುವ ಫ್ಲಾಸ್ಕಿನಲ್ಲಿ ಬಿಳಿ ಗಸಿ ಕೂರುತ್ತದಾ ನೋಡಿ. ಕೂತರೆ ನೀವು ಹಾಕಿದಷ್ಟು ಕ್ಯಾಲ್ಸಿಯಂ ಬ್ಯಾಕ್ಟೀರಿಯಾಕ್ಕೆ ಸಿಗುತ್ತಿಲ್ಲ.

ಸಪ್ತಾಪುರ_ಮೈಕ್ರೋ:

ಮೂವರಿಗೂ ತುಂಬಾ ಥ್ಯಾಂಕ್ಸ್. ಬ್ಲ್ಯಾಂಕ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅಕ್ಕಾ, ಇನ್ನೊಂದು ಪ್ರಶ್ನೆ. ಸೀನಿಯರ್‌ಗಳ ಥೀಸಿಸ್‌ನಲ್ಲಿ ಆರ್-ಸ್ಕ್ವೇರ್ (ಮಾಡೆಲ್ ಅಳತೆಗಳಿಗೆ ಎಷ್ಟು ಹೊಂದುತ್ತದೆ ಅನ್ನುವ ಸಂಖ್ಯೆ) 0.99 ಅಂತ ಇರುತ್ತದೆ. ನನಗೂ ಅಷ್ಟು ಬಂದರೆ ಮಾಡೆಲ್ ಸರಿ ಇದೆ ಅಂತ ಅರ್ಥವಾ?

ಉಣಕಲ್_ಕೆರೆ:

ಅದೊಂದನ್ನೇ ನೋಡಿ ಹೇಳಲು ಆಗುವುದಿಲ್ಲ. ಮೂರು ಅಂಶದ ಪೂರ್ತಿ ವರ್ಗ ಸಮೀಕರಣದಲ್ಲಿ 10 ಗುಣಾಂಕ ಇರುತ್ತವೆ. 15 ಫ್ಲಾಸ್ಕಿನ ಬಾಕ್ಸ್-ಬೆನ್ಕನ್ ಹಾಕಿದರೆ ಏರುಪೇರು ಅಂದಾಜಿಸಲು ಉಳಿಯುವುದು 5 ಡಿಗ್ರಿ ಆಫ್ ಫ್ರೀಡಂ (15ರಲ್ಲಿ 10 ಕಳೆದದ್ದು) ಅಷ್ಟೇ. ಅಷ್ಟು ಕಡಿಮೆ ಇದ್ದಾಗ ಆರ್-ಸ್ಕ್ವೇರ್ ಸುಮ್ನೆ ಮೇಲೇರುತ್ತದೆ. ಪ್ರೆಡಿಕ್ಟೆಡ್ ಆರ್-ಸ್ಕ್ವೇರ್ (ಲೆಕ್ಕಕ್ಕೆ ಸೇರಿಸದ ಫ್ಲಾಸ್ಕನ್ನು ಮಾಡೆಲ್ ಎಷ್ಟು ಸರಿಯಾಗಿ ಊಹಿಸುತ್ತದೆ ಅನ್ನುವುದು) ನೋಡಿ, ಅದು ಗುಣಾಂಕಗಳ ಸಂಖ್ಯೆಗೆ ಸರಿಹೊಂದಿಸಿದ ಅಡ್ಜಸ್ಟೆಡ್ ಆರ್-ಸ್ಕ್ವೇರ್‌ಗಿಂತ ತುಂಬಾ ಕೆಳಗಿದ್ದರೆ ಅನುಮಾನ ಪಡಿ. ಮಧ್ಯ ಬಿಂದುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ, ಲ್ಯಾಕ್ ಆಫ್ ಫಿಟ್ (ಮಾಡೆಲ್ ಹೊಂದುತ್ತಿಲ್ಲವೇ ಅನ್ನುವ ಪರೀಕ್ಷೆ) ಏನು ಹೇಳುತ್ತದೆ, ಅದನ್ನೂ ನೋಡಿ.

ಪ್ಲಾಕೆಟ್-ಬರ್ಮನ್ ಮುಗಿದ ತಕ್ಷಣ ಕಾಂಪೊಸಿಟ್‌ಗೆ ಹಾರಬೇಡಿ. ಎಲ್ಲಕ್ಕಿಂತ ಒಳ್ಳೆಯ ಇಳುವರಿ ನಿಮ್ಮ ಮೂಲೆಯಲ್ಲೇ ಬಂದಿದ್ದರೆ, ಶಿಖರ ಇನ್ನೂ ಆಚೆ ಇದೆ ಅಂತ. ಪರಿಣಾಮಗಳ ಅನುಪಾತದಲ್ಲೇ ಹೆಜ್ಜೆ ಇಡುತ್ತ ನಾಲ್ಕೈದು ಫ್ಲಾಸ್ಕ್ ಹಾಕಿ, ಇಳುವರಿ ಏರಿ ಮತ್ತೆ ಇಳಿಯುವವರೆಗೆ ಹೋಗಿ. ಇದನ್ನೇ ಸ್ಟೀಪೆಸ್ಟ್ ಅಸೆಂಟ್ ಅನ್ನುವುದು. ಬಾಕ್ಸ್ ಮತ್ತು ವಿಲ್ಸನ್ 1951ರಲ್ಲಿ ರೆಸ್ಪಾನ್ಸ್ ಸರ್ಫೇಸ್ ಬಗ್ಗೆ ಬರೆದಾಗಲೇ ಈ ಹಂತ ಇತ್ತು, ಈಗ ತುಂಬಾ ಜನ ಬಿಟ್ಟುಬಿಡುತ್ತಾರೆ. ನಿಂತ ಜಾಗವನ್ನು ಮಧ್ಯ ಬಿಂದು ಮಾಡಿಕೊಂಡು ಕಾಂಪೊಸಿಟ್ ಹಾಕಿ.

ಕೊನೆಗೆ ಮಾಡೆಲ್ ಹೇಳಿದ ಮಾಧ್ಯಮವನ್ನು ಮೂರು ಫ್ಲಾಸ್ಕಿನಲ್ಲಿ, ಹಳೆಯ ಮಾಧ್ಯಮವನ್ನೂ ಮೂರರಲ್ಲಿ, ಒಂದೇ ದಿನ, ಒಂದೇ ಶೇಕರ್‌ನಲ್ಲಿ ಹಾಕಿ. ಇಳುವರಿ ಎಷ್ಟು ಪಟ್ಟು ಹೆಚ್ಚಿತು ಅಂತ ಥೀಸಿಸ್‌ನಲ್ಲಿ ಬರೆಯುವಾಗ ಈ ಆರು ಫ್ಲಾಸ್ಕಿನ ಲೆಕ್ಕವನ್ನೇ ಕೊಡಿ.