ಟಕ್ ಟಕ್ ಸೈರನ್

*ನಮ್ಮ ಮನೆ ಗುಂಪು*

ರಘು ಚಿಕ್ಕಪ್ಪ: [ಫಾರ್ವರ್ಡ್ ಆದ ಫೋಟೊ: 555 ಸೈರನ್ ಸರ್ಕ್ಯೂಟ್]
ಪುಟ್ಟಿ, ನಿನ್ನ ಸೈನ್ಸ್ ಎಕ್ಸಿಬಿಷನ್‌ಗೆ ಇದು ಸರಿ. ಎರಡು 555 (ತಾನೇ ಮಿಡಿಯೋ ಟೈಮರ್ ಚಿಪ್, ಅಂದ್ರೆ ಐಸಿ), ಒಂದು ಸ್ಪೀಕರ್, 9 ವೋಲ್ಟ್ ಬ್ಯಾಟರಿ. ಮೊದಲನೇ ಐಸಿಯ 3ನೇ ಕಾಲಿನಿಂದ 10ಕೆ (ಕಿಲೋ ಓಮ್) ರೆಸಿಸ್ಟರ್ ಮೂಲಕ ಎರಡನೆಯದರ 5ನೇ ಕಾಲಿಗೆ, ಸ್ವರ ಬದಲಿಸೋದು ಅದೇ.

ಪುಟ್ಟಿ: ಚಿಕ್ಕಪ್ಪ, ಎರಡು ಸಲ ಬಿಚ್ಚಿ ಕಟ್ಟಿದೆ. ಸೈರನ್ ಇಲ್ಲ. ಗೋಡೆ ಗಡಿಯಾರದ ಥರ ಟಕ್ ಟಕ್ ಅನ್ನುತ್ತೆ 😭

ಮೋಹನ ಮಾವ: ಫಾರ್ವರ್ಡ್ ನಂಬಿದರೆ ಹೀಗೇ. ಯುಎಂ3561 ಅಂತ ಚಿಪ್ ಇದೆ. 3 ವೋಲ್ಟ್, ಒಂದು 220ಕೆ, ಒಂದು ಟ್ರಾನ್ಸಿಸ್ಟರ್, ಸ್ಪೀಕರ್. ಪೊಲೀಸ್, ಫೈರ್, ಆಂಬುಲೆನ್ಸ್, ಮಷಿನ್ ಗನ್, ನಾಲ್ಕೂ ಅದರಲ್ಲೇ.

ರಘು ಚಿಕ್ಕಪ್ಪ: ಭಾವ, ಅದು ಆಟಿಕೆ ಚಿಪ್. ಹೇಗೆ ಕೂಗುತ್ತೆ ಅಂತ ಟೀಚರ್ ಕೇಳಿದರೆ ಮಗು ಏನು ಹೇಳಬೇಕು? 555 ಬಂದಿದ್ದು 1972ರಲ್ಲಿ. ಇವತ್ತಿಗೂ ಮಕ್ಕಳು ಅದರಲ್ಲೇ ಕಲಿಯೋದು.

ಮೋಹನ ಮಾವ: ಕೂಗಿದರೆ ತಾನೆ ಟೀಚರ್ ಕೇಳೋದು!

ಶುಭಾ ಅತ್ತೆ: ಇಬ್ಬರೂ ಸ್ವಲ್ಪ ಸುಮ್ನಿರಿ. ಪುಟ್ಟೀ, ಎರಡನೇ ಐಸಿಯ 6ನೇ ಕಾಲಿನಿಂದ ಗ್ರೌಂಡ್‌ಗೆ ಯಾವ ಕೆಪಾಸಿಟರ್ ಹಾಕಿದ್ದೀಯ?

ಪುಟ್ಟಿ: 10 ಮೈಕ್ರೊಫ್ಯಾರಡ್. ಎರಡು ಕಡೆಗೂ ಅದೇ.

ಶುಭಾ ಅತ್ತೆ: ಸಿಕ್ಕಿತು ನೋಡು. ರೆಸಿಸ್ಟರ್ ಎರಡು ಕಡೆಗೂ 10ಕೆ, 68ಕೆ. ಅದಕ್ಕೆ 10 ಮೈಕ್ರೊ ಸೇರಿದರೆ ಸೆಕೆಂಡಿಗೆ ಸುಮಾರು ಒಂದು ಮಿಡಿತ. ಮೊದಲನೇ ಐಸಿಗೆ ಅಷ್ಟು ಸಾಕು. ಎರಡನೆಯದು ಸಾವಿರ ಸಲ ಮಿಡಿದರೆ ತಾನೆ ಕಿವಿಗೆ ಸ್ವರ ಅನ್ನಿಸೋದು? ಅಲ್ಲಿಗೆ 0.01 ಮೈಕ್ರೊ ಬೇಕು. ಪುಟಾಣಿ ಬಿಲ್ಲೆ ಥರ ಇರುತ್ತೆ, ಮೇಲೆ 103 ಅಂತ ಬರೆದಿರುತ್ತೆ.

ರಘು ಚಿಕ್ಕಪ್ಪ: ಅಕ್ಕ, ಫೋಟೊದಲ್ಲಿ 103 ಅಂತಲೇ ಇದೆ! ದೊಡ್ಡದು ಮಾಡಿ ನೋಡು.

ಮೋಹನ ಮಾವ: ಮಾಡಿದೆ. 10 ಆದ ಮೇಲೆ ಇರೋದು ಮೂರೋ, ಕಾಫಿ ಕಲೆಯೋ, ದೇವರೇ ಬಲ್ಲ.

ಪುಟ್ಟಿ: ಹಳೇ ರೇಡಿಯೊ ಬೋರ್ಡಿನಲ್ಲಿ 103 ಇತ್ತು! ಕಿತ್ತು ಹಾಕಿದೆ. [ವಾಯ್ಸ್ ಮೆಸೇಜ್, 9 ಸೆಕೆಂಡ್]

ಮೋಹನ ಮಾವ: ಇದು ಪೀ-ಪೋ ಪೀ-ಪೋ ಅಷ್ಟೇ. ಪೊಲೀಸ್ ಸೈರನ್ ಊಂ ಅಂತ ಏರಿ ಇಳಿಯಬೇಕು. ನನ್ನ ಚಿಪ್ಪಿನಲ್ಲಾದರೆ...

ರಘು ಚಿಕ್ಕಪ್ಪ: ಅದೂ ಬರುತ್ತೆ ಭಾವ. 3ನೇ ಕಾಲು ಬಿಟ್ಟು, ಮೊದಲನೇ ಐಸಿಯ ಕೆಪಾಸಿಟರ್ ವೋಲ್ಟೇಜನ್ನು ಟ್ರಾನ್ಸಿಸ್ಟರ್ ಮೂಲಕ 5ಕ್ಕೆ ಕೊಟ್ಟರಾಯ್ತು. ಪುಟ್ಟಿ, ಈಗಲೇ ಮಾಡು.

ಪುಟ್ಟಿಯ ಅಮ್ಮ: ಗಂಟೆ 10.40. ಎದುರು ಮನೆಯವರು ಲೈಟ್ ಹಾಕಿಕೊಂಡು ಹೊರಗೆ ಬಂದಿದ್ದಾರೆ. ಬ್ಯಾಟರಿ ನನ್ನ ಹತ್ತಿರ ಇದೆ.