ಬರ್ಮಿಂಗ್‌ಹ್ಯಾಮ್‌ನ ಬೋರ್ನ್‌ವಿಲ್ ಹೆಂಗಿದೆ, ಚಾಕಲೇಟ್ ಊರಾ?

ಒಂಟಿಕೊಪ್ಪಲ್_ಹುಡುಗ:
ಗುರುಗಳೇ, ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಲಿ ಸೀಟ್ ಸಿಕ್ಕಿದೆ, ರೂಮು ಬೋರ್ನ್‌ವಿಲ್ ಅನ್ನೋ ಏರಿಯಾಲಿ ನೋಡ್ತಿದೀನಿ. ಅಮ್ಮ ಹೆಸರು ಕೇಳಿ ನಗ್ತಾ ಅವ್ರೆ. ಇದ್ದು ಬಂದೋರು ಹೇಳಿ.

ಮಂಡ್ಯ_ಬೆಲ್ಲ:
ಹೂ ಕಣಪ್ಪ ಅದೇ ಚಾಕಲೇಟು. 1879ರಲ್ಲಿ ಕ್ಯಾಡ್ಬರಿ ಅಣ್ತಮ್ಮಂದಿರು ಸಿಟಿ ಗಲೀಜು ಸಾಕು ಅಂತ ಫ್ಯಾಕ್ಟರಿನ ಹೊಲದ ಮಧ್ಯಕ್ಕೆ ಎತ್ಕೊಂಡೋದ್ರು, ಅಲ್ಲಿ ಬೋರ್ನ್ ಅಂತ ಒಂದು ಹಳ್ಳ, ಅದಕ್ಕೆ ಫ್ರೆಂಚ್ ಚಾಕಲೇಟಿನ ಗತ್ತು ಬರ್ಲಿ ಅಂತ 'ವಿಲ್' ಅಂಟಿಸಿದ್ರು. ಆಮೇಲೆ ಜಾರ್ಜ್ ಕ್ಯಾಡ್ಬರಿ ಮನೆ ಕಟ್ಸಿ, ಪ್ರತಿ ಮನೆಗೂ ತೋಟ ಬಿಟ್ಟು, 1900ರಲ್ಲಿ ಎಲ್ಲಾನೂ ಒಂದು ಟ್ರಸ್ಟಿಗೆ ಬರೆದುಕೊಟ್ರು. ಬರೀ ಫ್ಯಾಕ್ಟರಿ ಆಳುಗಳಿಗೆ ಅಂತಲ್ಲ, ಬೇರೆಯವ್ರಿಗೂ ಇತ್ತು. ಟ್ರಸ್ಟು ಈಗ್ಲೂ ಇದೆ, ಕಂಪನಿ ಮಾತ್ರ 2010ರಲ್ಲಿ ಅಮೆರಿಕದ ಕ್ರಾಫ್ಟ್ ಪಾಲಾಯ್ತು.

ಸರಸ್ವತಿಪುರಂ_7ನೇ_ಮೇನ್:
ಎರಡು ವರ್ಷ ಇದ್ದೆ. ಸ್ಟೇಷನ್ನೂ ನೇರಳೆ ಬಣ್ಣ ಮಾರಾಯಾ, ಅಲ್ಲಿ ಟ್ರೇನ್ ಹತ್ತಿದ್ರೆ ಸೆಲಿ ಓಕ್, ಅದಾದ್ಮೇಲೆ ನಿಮ್ಮ ಯೂನಿವರ್ಸಿಟಿ ಸ್ಟೇಷನ್. ಗಾಳಿ ಬೀಸಿದಾಗ ಕೋಕೋ ಘಮ, ಸ್ಕೂಲ್ ಗೋಪುರದಲ್ಲಿ ಬಾರಿಸೋ ಗಂಟೆಗಳೇ 48, ನಮ್ ಫಿಲೋಮಿನಾ ಚರ್ಚ್ ಕಡೆ ಓಡಾಡ್ದಂಗೆ ಅನ್ಸೋದು. ಒಂದೇ ತೊಂದ್ರೆ (ನಂಗಲ್ಲ, ರೂಮ್‌ಮೇಟ್‌ಗೆ): ಕ್ಯಾಡ್ಬರಿಯವ್ರು ಕ್ವೇಕರ್ ಪಂಥದವ್ರು, ಹೆಂಡ ಅಂದ್ರೆ ಆಗ್ತಿರ್ಲಿಲ್ಲ, ಅದಕ್ಕೇ ಒಳಗೆ ಪಬ್ಬೇ ಇಲ್ಲ, ಪಕ್ಕದ ಸ್ಟರ್ಚ್‌ಲಿಗೆ ನಡೀಬೇಕು.

ಒಂಟಿಕೊಪ್ಪಲ್_ಹುಡುಗ:
ಪಬ್ ಇಲ್ಲ ಅಂದಿದ್ದಕ್ಕೆ ಅಮ್ಮ ಅಡ್ವಾನ್ಸ್ ಕಟ್ಟು ಅಂದ್ರು 😂