ಗೈನೆಕೊಮಾಸ್ಟಿಯಾ (ಗಂಡಸರಲ್ಲಿ ಸ್ತನ ಗ್ರಂಥಿ ಬೆಳೆಯುವುದು) ಸರ್ಜರಿ ಆಗಿ 5 ವಾರ: ತೊಟ್ಟಿನ ಹಿಂದೆ ಗಟ್ಟಿ ಗಂಟು, ಏನು ಮಾಡಲಿ?

ಪ್ರಶ್ನೆ: ವಯಸ್ಸು 26. ಎರಡೂ ಕಡೆ ಲೈಪೊಸಕ್ಷನ್ (ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು) ಮಾಡಿ, ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳ ಅಂಚಿನಲ್ಲಿ ಕೊಯ್ದು ಗ್ರಂಥಿ ತೆಗೆದಿದ್ದಾರೆ. ಇವತ್ತಿಗೆ 5 ವಾರ. ಬಲಗಡೆ ತೊಟ್ಟಿನ ಹಿಂದೆ ಅಡಿಕೆಯಷ್ಟು ಗಟ್ಟಿ ಗಂಟಿದೆ, ಎಡಗಡೆ ಅದಕ್ಕಿಂತ ಸಣ್ಣದು. ಜ್ವರ ಇಲ್ಲ, ಕೆಂಪಾಗಿಲ್ಲ. ಗ್ರಂಥಿ ಮತ್ತೆ ಬೆಳೀತಿದೆಯಾ? ಮಸಾಜ್ ಮಾಡಬಹುದಾ? ಜಿಮ್ ಯಾವಾಗ? ಗೊತ್ತಿರುವವರು ದಯವಿಟ್ಟು ಹೇಳಿ.

ಸರ್ಜರಿ ವಾರ್ಡಿನ ನರ್ಸ್: ಗಾಬರಿ ಬೇಡ. ಗ್ರಂಥಿ ಐದು ವಾರದಲ್ಲಿ ಬೆಳೆದು ಅಡಿಕೆಯಷ್ಟಾಗುವುದಿಲ್ಲ. ಹೊರಗೆ ಕಾಣುವ ಹೊಲಿಗೆ ಸಣ್ಣದು, ಆದರೆ ಒಳಗಿನ ಗಾಯ ಅಂಗೈ ಅಗಲ ಇರುತ್ತದೆ. ಗ್ರಂಥಿ ತೆಗೆದು ಪೊಳ್ಳಾದ ಜಾಗವನ್ನು ದೇಹ ನಾರಿನಂಥ ಅಂಗಾಂಶದಿಂದ ತುಂಬುತ್ತದೆ, ಆ ನಾರೇ ಕೈಗೆ ಗಂಟಾಗಿ ಸಿಗುವುದು. ಸಾಮಾನ್ಯವಾಗಿ 2-3ನೇ ವಾರಕ್ಕೆ ಶುರುವಾಗಿ, 4ರಿಂದ 8ನೇ ವಾರದ ನಡುವೆ ಅತಿ ಗಟ್ಟಿಯಾಗಿ, ಮೂರು ತಿಂಗಳ ಮೇಲೆ ಮೆತ್ತಗಾಗುತ್ತಾ ಬರುತ್ತದೆ. ಆರು ತಿಂಗಳಿಗೆ ಬಹುಪಾಲು ಇಳಿದಿರುತ್ತದೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಎರಡು ಕಡೆ ಒಂದೇ ವೇಗದಲ್ಲಿ ವಾಸಿಯಾಗುವುದು ಅಪರೂಪ. ನೀವು ಈಗ ಗಂಟು ಅತಿ ಜೋರಾಗಿರುವ ಹೊತ್ತಿನಲ್ಲೇ ಇದ್ದೀರಿ.

ಆದರೂ ಎಲ್ಲ ಗಂಟೂ ನಾರಲ್ಲ, ಮುಟ್ಟಿ ನೋಡಿ. ಮಲಗಿಕೊಂಡು ಗಂಟಿನ ಎರಡು ಬದಿಗೆ ಒಂದೊಂದು ಬೆರಳಿಡಿ. ಒಂದು ಬೆರಳಿಂದ ಮೆಲ್ಲಗೆ ಒತ್ತಿದಾಗ ಇನ್ನೊಂದು ಬೆರಳಿನಡಿ ಅಲೆ ಬಂದು ತಾಗಿದರೆ, ಅಥವಾ ಮಗ್ಗುಲಾದಾಗ ಒಳಗೆ ನೀರು ತುಳುಕಿದಂತಾದರೆ ಅದು ಸೀರೋಮ, ಅಂದರೆ ಒಳಗೆ ನಿಂತ ನೀರು. ತೀರಾ ಸ್ವಲ್ಪವಿದ್ದರೆ ತಾನಾಗಿ ಇಂಗುತ್ತದೆ. ಹೆಚ್ಚಿದ್ದರೆ ಒಪಿಡಿಯಲ್ಲೇ ಸೂಜಿ ಹಾಕಿ ಎಳೆಯುತ್ತಾರೆ. ತಿಳಿ ಹಳದಿ ನೀರು ಬರುತ್ತದೆ. ಆ ಭಾಗಕ್ಕೆ ಇನ್ನೂ ಸ್ಪರ್ಶ ಮಂದ ಇರುವುದರಿಂದ ನೋವು ಕಡಿಮೆ. ಕೆಲವು ದಿನ ಬಿಟ್ಟು ಮತ್ತೆ ಒಂದೆರಡು ಸಲ ಎಳೆಯಬೇಕಾಗಬಹುದು. ಬಿಟ್ಟುಬಿಟ್ಟರೆ ನೀರಿನ ಸುತ್ತ ಚೀಲ ಕಟ್ಟಿಕೊಳ್ಳುತ್ತದೆ, ಆಮೇಲೆ ಸೂಜಿಗೆ ಬಗ್ಗುವುದಿಲ್ಲ. ಮನೆಯಲ್ಲಿ ಯಾರೂ ಚುಚ್ಚಬೇಡಿ.

ತೊಟ್ಟಿನಿಂದ ದೂರ, ಲೈಪೊಸಕ್ಷನ್ ಆದ ಕಡೆ ಬಟಾಣಿಯಂಥ ಗಟ್ಟಿ ಕಾಳು ಸಿಕ್ಕರೆ ಅದು ಹೆಚ್ಚಾಗಿ ರಕ್ತ ಸಿಗದೆ ಸತ್ತ ಕೊಬ್ಬು, ಕರಗಲು ತಿಂಗಳುಗಳೇ ಬೇಕು. ಕೈ ಎತ್ತಿದಾಗ ಚರ್ಮದಡಿ ತಂತಿ ಎಳೆದಂತೆ ಉದ್ದಕ್ಕೆ ಕಂಡರೆ ಅದು ಮೇಲ್ಮೈ ರಕ್ತನಾಳ ಹೆಪ್ಪುಗಟ್ಟಿರುವುದು. ಮಾಂಡರ್ ಕಾಯಿಲೆ ಅಂತ ಹೆಸರು ಕೇಳಿದರೆ ಹೆದರಿಕೆ ಆಗುತ್ತದೆ, ಆದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಾನೇ ಹೋಗುತ್ತದೆ. ಇವೆರಡನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ.

ಕಾಯಬಾರದ್ದು ಇಷ್ಟು. ಒಂದೇ ಕಡೆ ಕೆಲವೇ ಗಂಟೆಗಳಲ್ಲಿ ಊದಿ, ಬಿಗಿದು, ನೇರಳೆ ಬಣ್ಣಕ್ಕೆ ತಿರುಗಿ ನೋವು ಏರುತ್ತಿದ್ದರೆ ಒಳಗೆ ರಕ್ತ ತುಂಬುತ್ತಿದೆ. ಮೊದಲ ಎರಡು ದಿನಗಳಲ್ಲಿ ಹೆಚ್ಚು, ಭಾರ ಎತ್ತಿದರೆ ಆಮೇಲೂ ಆಗಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಹರಡುವ ಕೆಂಪು, ಕೀವು, 100.4 ಡಿಗ್ರಿ ದಾಟಿದ ಜ್ವರ ಇದ್ದರೂ ಅದೇ ದಿನ ತೋರಿಸಬೇಕು.

ಫಿಸಿಯೊಥೆರಪಿಸ್ಟ್: ಮಸಾಜ್ ಬಗ್ಗೆ. ಹೊಲಿಗೆ ಜಾಗ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿರಬೇಕು, ಆಪರೇಷನ್ ಮಾಡಿದವರು ಒಪ್ಪಿರಬೇಕು. ನೀರು ತುಂಬಿದ್ದರೆ ಮಸಾಜ್ ಬೇಡವೇ ಬೇಡ.

ಕೈ ತೊಳೆದು ನಾಲ್ಕು ಹನಿ ಕೊಬ್ಬರಿ ಎಣ್ಣೆ ಅಥವಾ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ. ತೋರುಬೆರಳು, ನಡುಬೆರಳಿನ ಮೆತ್ತೆಯನ್ನು ಗಂಟಿನ ಮೇಲಿಟ್ಟು, ಉಗುರಿನ ತುದಿ ಬಿಳಚಿಕೊಳ್ಳುವಷ್ಟು ಮಾತ್ರ ಒತ್ತಿ. ಬೆರಳು ಚರ್ಮದ ಮೇಲೆ ಜಾರಬಾರದು. ಬೆರಳಿನ ಜೊತೆ ಚರ್ಮವೇ ಕೆಳಗಿನ ಸ್ನಾಯುವಿನ ಮೇಲೆ ಸರಿಯಬೇಕು, ಏಕೆಂದರೆ ಅಂಟಿಕೊಂಡಿರುವುದು ಆ ಎರಡರ ನಡುವೆ. ಸಣ್ಣ ವೃತ್ತದಲ್ಲಿ ಎರಡು ನಿಮಿಷ, ಆಮೇಲೆ ಮೇಲೆ-ಕೆಳಗೆ, ಅಕ್ಕಪಕ್ಕ. ಒಂದು ಕಡೆಗೆ 5 ನಿಮಿಷ, ದಿನಕ್ಕೆ 2-3 ಸಲ ಸಾಕು.

ಹೆಚ್ಚಿನವರು ತಪ್ಪುವುದು ಇಲ್ಲೇ: ಗಂಟನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿ 'ಒಡೆಯಲು' ನೋಡುತ್ತಾರೆ. ಮರುದಿನ ಊತ ಜಾಸ್ತಿ, ಒಳಗೆ ಮತ್ತೆ ಸಣ್ಣ ಗಾಯ, ಅದಕ್ಕೆ ಮತ್ತಷ್ಟು ನಾರು. ಮಸಾಜ್ ಆದ ಮರುದಿನ ನೋವೋ ಊತವೋ ಏರಿದ್ದರೆ ಎರಡು ದಿನ ಬಿಟ್ಟು ಒತ್ತಡ ಕಡಿಮೆ ಮಾಡಿ. ಇನ್ನೊಂದು, ಬಿಸಿನೀರಿನ ಬ್ಯಾಗ್ ಅಥವಾ ಐಸ್ ಅನ್ನು ನೇರ ಎದೆಗೆ ಇಡಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟಿದ್ದೇ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತದೆ. ನಡುನಡುವೆ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುವುದು, ತುರಿಕೆ ಬರುವುದು ನರ ಚೇತರಿಸಿಕೊಳ್ಳುತ್ತಿರುವ ಗುರುತು.

ಹುಬ್ಬಳ್ಳಿ ಕಡೆಯವ: ವೆಸ್ಟ್ (ಆಪರೇಷನ್ ಆದಮ್ಯಾಲೆ ಎದಿಗೆ ಹಾಕ್ಕೊಳ್ಳೋ ಬಿಗಿ ಅಂಗಿ) ಬಗ್ಗೆ ಯಾರೂ ಹೇಳಿಲ್ಲ, ಅದಕ್ಕ ಬರ್ಯಾಕತ್ತೀನಿ. 5ನೇ ವಾರದಾಗ ವೆಸ್ಟ್ ಪೂರ್ತಿ ಬಿಟ್ಟಿದ್ರ ಊತ ತಿರುಗಿ ಬರತೈತಿ, ಅದನ್ನ ಗಂಟು ದೊಡ್ಡದಾತು ಅಂತ ತಿಳಕೋತಾರ. ಸಾಮಾನ್ಯವಾಗಿ ಮೊದಲ 3-4 ವಾರ ಸ್ನಾನ ಬಿಟ್ಟು ದಿನಪೂರ್ತಿ, ಆಮ್ಯಾಲೆ 2-3 ವಾರ 12 ತಾಸು ಹಾಕ್ಕೋ ಅಂತಾರ. ನಿಮ್ಮ ಡಾಕ್ಟರ್ ಹೇಳಿದ್ದ ಲೆಕ್ಕ ಹಿಡೀರಿ. ಬಿಗಿ ಎಷ್ಟಿರಬೇಕು ಅಂದ್ರ, ಉಸಿರು ಪೂರ್ತಿ ಎಳಕೊಳ್ಳಾಕ ಬರಬೇಕು, ಅಂಚಿನಾಗ ಒಂದು ಬೆರಳು ಹೋಗಬೇಕು. ಕುಂತಾಗ ವೆಸ್ಟ್ ಮ್ಯಾಲೆ ಸರಿದು ಎದಿ ಕೆಳಗ ಮಡಿಕಿ ಬೀಳತೈತಿ ನೋಡ್ರಿ, ಆ ಮಡಿಕಿ ಒತ್ತಿದಲ್ಲೇ ಅಡ್ಡ ಗೆರಿ ಮೂಡತೈತಿ. ದಿನಾ ನಾಲ್ಕೈದು ಸಲ ಕೆಳಗ ಎಳಕೊಳ್ರಿ. ಒಳಗ ತೆಳ್ಳನ ಹತ್ತಿ ಬನಿಯನ್ ಹಾಕ್ಕೊಂಡ್ರ ಬೆವರುಗುಳ್ಳಿ ಏಳೂದಿಲ್ಲ. ಎರಡು ವೆಸ್ಟ್ ಇಟ್ಕೊಳ್ರಿ, ಒಂದು ಒಗಿಯಾಕ ಬೇಕ ಬೇಕು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ವೆಸ್ಟ್ ಹೋದ ವಾರವೇ ಬಿಟ್ಟಿದ್ದೆ, ಡಾಕ್ಟರಿಗೆ ಫೋನ್ ಮಾಡಿ ಮತ್ತೆ ಹಾಕುತ್ತೇನೆ. ಬೆರಳಿಟ್ಟು ನೋಡಿದೆ, ಅಲೆ ಇಲ್ಲ. ಸ್ಕ್ಯಾನ್ ಈಗಲೇ ಮಾಡಿಸಬೇಕಾ? ಇಂಜೆಕ್ಷನ್ ಹಾಕಿದರೆ ಕರಗುತ್ತೆ ಅಂತಾರೆ, ನಿಜವಾ?

ಸರ್ಜರಿ ಪಿಜಿ (ಸರ್ಜರಿಯಲ್ಲಿ ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್): ನೀರಿನ ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಯಾವಾಗ ಬೇಕಾದರೂ ಮಾಡಿಸಬಹುದು. ನಾರೋ, ಉಳಿದ ಗ್ರಂಥಿಯೋ ಅಂತ ಬೇರ್ಪಡಿಸುವುದು 5ನೇ ವಾರದಲ್ಲಿ ಕಷ್ಟ, ಊತದಲ್ಲಿ ಎಲ್ಲ ಕಲಸಿಹೋಗಿರುತ್ತದೆ. ಮೂರು ತಿಂಗಳ ಮೇಲಾದರೆ ಚಿತ್ರ ಸ್ಪಷ್ಟ.

ಇನ್ನೊಂದು ವಿಷಯ ಬಹಳ ಜನರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ತೊಟ್ಟಿನ ಹಿಂದೆ ತೆಳುವಾದ ಗ್ರಂಥಿಯ ಬಿಲ್ಲೆಯನ್ನು ಬೇಕೆಂದೇ ಬಿಡುತ್ತಾರೆ. ಅದನ್ನೂ ಕೆರೆದು ತೆಗೆದರೆ ತೊಟ್ಟು ಸ್ನಾಯುವಿಗೆ ಅಂಟಿ ತಟ್ಟೆಯಂತೆ ಕುಳಿ ಬೀಳುತ್ತದೆ, ತೊಟ್ಟಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಹಾಗಾಗಿ ಕೊನೆಗೂ ಕೈಗೆ ಸ್ವಲ್ಪ ಗಟ್ಟಿ ಸಿಗುವುದು ತಪ್ಪಲ್ಲ, ಎದೆಯ ಆಕಾರ ಹೊರಗೆ ಸಮ ಇದೆಯಾ ನೋಡಿ.

ಇಂಜೆಕ್ಷನ್ ಅಂದರೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್, ಅಂಗಡಿಯಲ್ಲಿ ಕೆನಾಕಾರ್ಟ್ ಹೆಸರಲ್ಲಿ ಸಿಗುತ್ತದೆ. ನಾರಿನ ಗಂಟಿಗೆ ಕೆಲಸ ಮಾಡುತ್ತದೆ, ಉಳಿದ ಗ್ರಂಥಿಗೆ ಮಾಡುವುದಿಲ್ಲ. ಎರಡು ಡೋಸ್ ನಡುವೆ 4ರಿಂದ 6 ವಾರ ಬಿಡುತ್ತಾರೆ. ಅವಸರಪಟ್ಟು ಹೆಚ್ಚು ಹಾಕಿದರೆ ಕೆಳಗಿನ ಕೊಬ್ಬು ಕರಗಿ, ಚರ್ಮ ತೆಳುವಾಗಿ, ಗಂಟಿದ್ದ ಜಾಗದಲ್ಲಿ ತಗ್ಗು ಉಳಿಯುತ್ತದೆ. ತಗ್ಗು ತುಂಬಿಸುವುದು ಗಂಟು ಕರಗಿಸುವುದಕ್ಕಿಂತ ಕಷ್ಟ. ಎರಡನೇ ಆಪರೇಷನ್ ಮಾತನ್ನು ಆರು ತಿಂಗಳೊಳಗೆ ಎತ್ತಲೇಬೇಡಿ.

ತೆಗೆದ ಗ್ರಂಥಿಯ ಬಯಾಪ್ಸಿ ರಿಪೋರ್ಟ್ ಕೇಳಿ ಪಡೆದು ಫೈಲಿನಲ್ಲಿಡಿ. ಗಂಡಸರಲ್ಲಿ ಸ್ತನ ಕ್ಯಾನ್ಸರ್ ಬಹಳ ವಿರಳ, ಆದರೆ ತೊಟ್ಟಿನಿಂದ ರಕ್ತ, ಅಲುಗಾಡದ ಗಂಟು, ಕಂಕುಳಲ್ಲಿ ಗಡ್ಡೆ ಇದ್ದರೆ ತಿಂಗಳು ಎಣಿಸುತ್ತಾ ಕೂರಬಾರದು.

ಜಿಮ್ ಟ್ರೈನರ್: ನಡಿಗೆ ಈಗಲೂ ಸರಿ. ಕಾಲಿನ ವ್ಯಾಯಾಮ ಹಗುರವಾಗಿ ಮಾಡಬಹುದು, ಬಾರ್ ಹೆಗಲ ಮೇಲೆ ಹೊರುವುದು ಬೇಡ. ಪುಷ್-ಅಪ್, ಬೆಂಚ್ ಪ್ರೆಸ್ 6 ವಾರ ತುಂಬಿ ಡಾಕ್ಟರ್ ಒಪ್ಪಿದ ಮೇಲೆ, ಅದೂ ಮೊದಲಿನ ಅರ್ಧ ಭಾರದಿಂದ. ಮನೆಯಲ್ಲಿ ತುಂಬಿದ ಬಕೆಟ್ ಎತ್ತುವುದೂ ಎದೆಗೆ ಭಾರವೇ, ಅದನ್ನು ಮರೆಯುತ್ತಾರೆ. ಅನಬಾಲಿಕ್ ಸ್ಟೀರಾಯ್ಡ್ (ಸ್ನಾಯು ಬೆಳೆಸಲು ತಗೊಳ್ಳುವುದು, ಮೇಲೆ ಹೇಳಿದ ಇಂಜೆಕ್ಷನ್ ಅಲ್ಲ) ತಗೊಂಡರೆ ಉಳಿದ ಆ ಬಿಲ್ಲೆ ನಿಜವಾಗಿಯೂ ಬೆಳೆಯಬಹುದು. ಲೇಬಲ್ ಸರಿ ಇಲ್ಲದ 'ಮಾಸ್' ಪುಡಿಗಳನ್ನು ದೂರವಿಡಿ. ಎರಡು ವಾರಕ್ಕೊಮ್ಮೆ ಬೆಳಿಗ್ಗೆ ಎದ್ದ ತಕ್ಷಣ, ಅದೇ ಕಿಟಕಿಯ ಬೆಳಕಲ್ಲಿ, ನೇರಕ್ಕೊಂದು ಪಕ್ಕಕ್ಕೊಂದು ಫೋಟೊ ತೆಗೆದಿಡಿ. ಸಂಜೆಯ ಕನ್ನಡಿಯಲ್ಲಿ ಊತ ಜಾಸ್ತಿ ಕಾಣುತ್ತದೆ, ಅದನ್ನು ನೋಡಿ ಲೆಕ್ಕ ಹಾಕಬೇಡಿ.